ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೆಲಸ ಸಾಗುವಂತೆ ಮಾಡುವುದು ಹೇಗೆ: ಸಣ್ಣ ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಊರುಗಳ ಸಣ್ಣ ಕಚೇರಿಗಳಲ್ಲಿ ಕೆಲಸ ನಡೆಯುವುದೇ ವಾಟ್ಸಾಪ್ ಮೇಲೆ. ಆರ್ಡರ್ ಬರುವುದು ಅಲ್ಲಿ, ಲೋಡ್ ಹೊರಟಿತು ಅಂತ ಗೊತ್ತಾಗುವುದು ಅಲ್ಲಿ, ರಜೆ ಕೇಳುವುದೂ ಅಲ್ಲೇ. ಆದರೆ ಆ ಗ್ರೂಪನ್ನು ಯಾರೂ ಯೋಚನೆ ಮಾಡಿ ಕಟ್ಟಿರುವುದಿಲ್ಲ. ಯಾವಾಗಲೋ ಒಬ್ಬರು ‘ಆಫೀಸ್’ ಅಂತ ಒಂದು ಗ್ರೂಪ್ ಮಾಡಿರುತ್ತಾರೆ. ಎಲ್ಲರೂ ಅದರಲ್ಲಿ ಇರುತ್ತಾರೆ, ಎಲ್ಲವೂ ಅದಕ್ಕೇ ಬರುತ್ತದೆ. ಬೆಳಿಗ್ಗೆ ಶುಭೋದಯದ ಹೂವು, ಅದರ ಕೆಳಗೆ ಚೆಕ್ಕಿನ ಫೋಟೋ, ಅದರ ಕೆಳಗೆ ಯಾರದೋ ಹುಟ್ಟುಹಬ್ಬ, ನಡುವೆ ಎಲ್ಲೋ ‘ನಾಳೆ ಎಂಟಕ್ಕೆ ಗಾಡಿ ಬರುತ್ತೆ, ಗೋಡೌನ್ ತೆಗೆದಿರಬೇಕು’ ಅನ್ನುವ ಮಾತು. ಯಾರು ಅದನ್ನು ನೋಡಬೇಕಿತ್ತೋ ಅವರೇ ನೋಡಿರುವುದಿಲ್ಲ.

ಈ ಬರಹ 10ರಿಂದ 40 ಜನ ಇರುವ ಕಚೇರಿಗಳಿಗೆ. ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಪೈಪು, ಪಂಪ್‌ಸೆಟ್ ಮಾರುವ ಒಂದು ಡೀಲರ್ ಆಫೀಸ್ ಇದೆ ಅಂದುಕೊಳ್ಳಿ. ಕೌಂಟರಿನಲ್ಲಿ ಕೆಲವರು, ಲೆಕ್ಕಪತ್ರ ನೋಡುವವರು ಇಬ್ಬರು, ಗೋಡೌನಿನವರು, ಡ್ರೈವರ್‌ಗಳು, ತಾಲೂಕು ತಾಲೂಕು ಸುತ್ತುವ ಸೇಲ್ಸ್‌ನವರು, ಮಾಲೀಕರು. ಎಲ್ಲ ಸೇರಿ 25 ಜನ.

ಮುಂದಿನ ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ವಿಚಾರ. ಕಚೇರಿಯ ಮೆಸೇಜಿನಲ್ಲಿ ಕಷ್ಟಪಡಬೇಕಾದವರು ಬರೆಯುವವರು. ಅವರು ಅರ್ಧ ನಿಮಿಷ ಜಾಸ್ತಿ ಯೋಚಿಸಿ ಬರೆದರೆ, ಉಳಿದ 24 ಜನ ‘ಇದು ನನಗಾ? ಯಾವ ಬಿಲ್ಲು? ಯಾವತ್ತಿಗೆ?’ ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಹಂತ 1: ಯಾವ ಆ್ಯಪ್ ಅಂತ ಮೊದಲು ನಿರ್ಧರಿಸಿ

ನಿಮ್ಮ ಸಿಬ್ಬಂದಿಯಲ್ಲಿ ಹೆಚ್ಚಿನವರು ಹೊರಗೆ ಓಡಾಡುವವರಾದರೆ, ಫೋನ್ ಒಂದೇ ಅವರ ಕೈಯಲ್ಲಿರುವ ಸಾಧನವಾದರೆ, ವಾಟ್ಸಾಪ್ ಸಾಕು. ಡ್ರೈವರಿಗೆ ಹೊಸ ಆ್ಯಪ್ ಕಲಿಸುವುದಕ್ಕಿಂತ ಅವರಿಗೆ ಗೊತ್ತಿರುವುದನ್ನೇ ಸರಿಯಾಗಿ ಬಳಸುವುದು ಒಳ್ಳೆಯದು.

ಎಲ್ಲರೂ ಕಂಪ್ಯೂಟರ್ ಮುಂದೆ ಕೂರುವವರಾಗಿ, ಕಂಪನಿಯ ಇಮೇಲ್ ಕೂಡ ಇದ್ದರೆ ಕತೆ ಬೇರೆ. ಕಂಪನಿಗಳಿಗೆ ಇಮೇಲ್ ಮುಂತಾದವನ್ನು ಒಟ್ಟಿಗೆ ಕೊಡುವ ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡಿದ್ದರೆ ಗೂಗಲ್ ಚಾಟ್ ಅದರಲ್ಲೇ ಬರುತ್ತದೆ. ಮೈಕ್ರೋಸಾಫ್ಟ್ ಕಡೆಯವರಿಗೆ 2017ರಲ್ಲಿ ಬಂದ ಟೀಮ್ಸ್ ಇದೆ. ಚೆನ್ನೈ ಮೂಲದ ಜೋಹೊ ಕಂಪನಿಯ ಕ್ಲಿಕ್ ಇದೆ. 2014ರಲ್ಲಿ ಶುರುವಾದ ಸ್ಲ್ಯಾಕ್ ಸಾಫ್ಟ್‌ವೇರ್ ಕಂಪನಿಗಳಿಗೆ ಚೆನ್ನಾಗಿ ಒಗ್ಗಿದೆ. ಆದರೆ ಅದನ್ನು ಪುಕ್ಕಟೆಯಾಗಿ ಬಳಸಿದರೆ ಕೊನೆಯ 90 ದಿನಗಳ ಮಾತುಕತೆ ಮಾತ್ರ ಕಾಣುತ್ತದೆ. ಹೋದ ವರ್ಷದ ಎಸ್ಟಿಮೇಟ್ ಹುಡುಕಲು ಹೋದರೆ ಸಿಗುವುದಿಲ್ಲ. ಇದನ್ನು ತಿಳಿದೇ ಶುರು ಮಾಡಿ.

ಈ ಎರಡು ಬಗೆಗಳ ನಡುವಿನ ನಿಜವಾದ ವ್ಯತ್ಯಾಸ ಯಜಮಾನಿಕೆಯದು. ಟೀಮ್ಸ್, ಕ್ಲಿಕ್, ಸ್ಲ್ಯಾಕ್‌ನಲ್ಲಿ ಅಕೌಂಟ್ ಕಂಪನಿಯದು. ಒಬ್ಬರು ಕೆಲಸ ಬಿಟ್ಟ ದಿನ ಅವರ ಅಕೌಂಟ್ ಮುಚ್ಚಬಹುದು, ಅವರು ಬರೆದದ್ದು ಕಂಪನಿಯಲ್ಲೇ ಉಳಿಯುತ್ತದೆ. ವಾಟ್ಸಾಪ್‌ನಲ್ಲಿ ಅಕೌಂಟ್ ಆ ವ್ಯಕ್ತಿಯದು. ನೀವು ಗ್ರೂಪಿನಿಂದ ತೆಗೆದರೂ ಅಲ್ಲಿಯವರೆಗಿನ ಎಲ್ಲ ಮೆಸೇಜು, ರೇಟ್ ಲಿಸ್ಟು, ಗಿರಾಕಿಗಳ ನಂಬರು ಅವರ ಫೋನಿನಲ್ಲಿ ಇರುತ್ತವೆ. ದೊಡ್ಡ ದೊಡ್ಡವರೂ ಇದರಲ್ಲಿ ಏಟು ತಿಂದಿದ್ದಾರೆ. ಸಿಬ್ಬಂದಿ ತಮ್ಮ ಸ್ವಂತ ಫೋನಿನ ವಾಟ್ಸಾಪ್ ಮತ್ತಿತರ ಆ್ಯಪ್‌ಗಳಲ್ಲಿ ವ್ಯವಹಾರದ ಮಾತಾಡಿ, ಅದರ ದಾಖಲೆಯನ್ನೇ ಇಟ್ಟಿರಲಿಲ್ಲ ಅನ್ನುವ ಕಾರಣಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಎಸ್ಇಸಿ 16 ಹಣಕಾಸು ಸಂಸ್ಥೆಗಳಿಗೆ ಒಟ್ಟು 110 ಕೋಟಿ ಡಾಲರಿಗೂ ಹೆಚ್ಚು ದಂಡ ಹಾಕಿತು. ನಮ್ಮ ಪೈಪಿನ ಅಂಗಡಿಗೆ ಆ ಕಾನೂನು ಇಲ್ಲ. ಆದರೆ ಯಾವ ಮಾತು ಯಾರ ಫೋನಿನಲ್ಲಿ ಉಳಿಯುತ್ತದೆ ಅನ್ನುವ ಪ್ರಶ್ನೆ ಇಲ್ಲೂ ಅದೇ.

ಏನೇ ಆಯ್ದುಕೊಳ್ಳಿ, ಒಂದನ್ನೇ ಆಯ್ದುಕೊಳ್ಳಿ. ಅರ್ಧ ಮಾತು ಟೀಮ್ಸ್‌ನಲ್ಲಿ, ಅರ್ಧ ವಾಟ್ಸಾಪ್‌ನಲ್ಲಿ ಆದರೆ ಎರಡೂ ಕಡೆ ಹುಡುಕುತ್ತಾ ಕೂರಬೇಕಾಗುತ್ತದೆ. ಮುಂದಿನ ವಿವರ ವಾಟ್ಸಾಪ್ ಇಟ್ಟುಕೊಂಡು ಬರೆದದ್ದು. ಬೇರೆ ಆ್ಯಪ್ ಬಳಸುವವರಿಗೂ ಬಹುಪಾಲು ಅನ್ವಯಿಸುತ್ತದೆ.

ಹಂತ 2: ಕಚೇರಿಗೆ ಒಂದು ನಂಬರ್

ಗಿರಾಕಿಗಳು ಮೆಸೇಜ್ ಕಳಿಸುವ ನಂಬರ್ ಯಾವ ಸಿಬ್ಬಂದಿಯ ಸ್ವಂತ ನಂಬರೂ ಆಗಿರಬಾರದು. ಕಂಪನಿಯ ಅಥವಾ ಮಾಲೀಕರ ಹೆಸರಿನಲ್ಲಿ ಒಂದು ಸಿಮ್ ತೆಗೆಸಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ. 2018ರಲ್ಲಿ ಬಂದ ಈ ಆ್ಯಪ್ ಸಣ್ಣ ವ್ಯಾಪಾರಿಗಳಿಗೆ ಅಂತಲೇ ಮಾಡಿದ್ದು, ಹಾಕಿಕೊಳ್ಳಲು ದುಡ್ಡು ಕೊಡಬೇಕಿಲ್ಲ.

ಇದರಲ್ಲಿ ಮೂರು ಸೌಲಭ್ಯ ಮೊದಲ ದಿನವೇ ಹೊಂದಿಸಿಕೊಳ್ಳಿ. ಒಂದು, ಅಂಗಡಿ ಮುಚ್ಚಿದ ಮೇಲೆ ಬರುವ ಮೆಸೇಜಿಗೆ ತಾನಾಗಿ ಹೋಗುವ ಉತ್ತರ: ‘ಅಂಗಡಿ ಬೆಳಿಗ್ಗೆ 9ರಿಂದ ಸಂಜೆ 7, ಭಾನುವಾರ ರಜೆ, ನಾಳೆ ಉತ್ತರ ಕೊಡುತ್ತೇವೆ.’ ಎರಡು, ಪದೇ ಪದೇ ಬರೆಯುವ ಮಾತುಗಳಿಗೆ ಸಿದ್ಧ ಉತ್ತರ. ಬ್ಯಾಂಕ್ ವಿವರ, ಅಂಗಡಿಯ ಮ್ಯಾಪ್, ವಾರಂಟಿ ನಿಯಮ, ಇವನ್ನು ಒಮ್ಮೆ ಸರಿಯಾಗಿ ಬರೆದು ಇಟ್ಟರೆ ಆಮೇಲೆ ಒಂದು ಓರೆಗೆರೆ (/) ಒತ್ತಿ ಆರಿಸಿದರೆ ಸಾಕು. ಮೂರು, ಲೇಬಲ್. ‘ಹೊಸ ಆರ್ಡರ್’, ‘ಹಣ ಬಾಕಿ’, ‘ದೂರು’ ಅಂತ ಲೇಬಲ್ ಹಚ್ಚಿದರೆ ಯಾರ ಕೆಲಸ ಉಳಿದಿದೆ ಅಂತ ಕಣ್ಣಾಡಿಸಿದರೆ ಸಾಕು, ಗೊತ್ತಾಗುತ್ತದೆ.

ಈ ಅಕೌಂಟನ್ನು ಮುಖ್ಯ ಫೋನ್ ಬಿಟ್ಟು ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು. ಕೌಂಟರಿನ ಕಂಪ್ಯೂಟರ್, ಲೆಕ್ಕಪತ್ರದವರ ಕಂಪ್ಯೂಟರ್, ಹೀಗೆ. ಮುಖ್ಯ ಫೋನನ್ನು 14 ದಿನಕ್ಕಿಂತ ಹೆಚ್ಚು ಮುಟ್ಟದಿದ್ದರೆ ಜೋಡಿಸಿದ ಸಾಧನಗಳೆಲ್ಲ ತಾವಾಗಿ ಲಾಗ್ ಔಟ್ ಆಗುತ್ತವೆ. ಹಾಗಾಗಿ ಆ ಫೋನನ್ನು ಡ್ರಾಯರಿನಲ್ಲಿ ಹಾಕಿ ಮರೆಯಬೇಡಿ.

ಎರಡು ಹಂತದ ದೃಢೀಕರಣ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಇವತ್ತೇ ಹಾಕಿ. ಆರಂಕಿಯ ಪಿನ್ ಕೇಳುತ್ತದೆ, ಜೊತೆಗೆ ಒಂದು ಇಮೇಲ್ ಕೊಡಲು ಹೇಳುತ್ತದೆ. ಮಾಲೀಕರ ಇಮೇಲ್ ಕೊಡಿ. ಯಾರಾದರೂ ಮೋಸದಿಂದ ನಿಮ್ಮ ಓಟಿಪಿ ತಿಳಿದುಕೊಂಡರೂ ಈ ಪಿನ್ ಇಲ್ಲದೆ ಅಕೌಂಟ್ ಅವರ ಕೈಗೆ ಹೋಗುವುದಿಲ್ಲ.

ಹಂತ 3: ಒಂದು ಗ್ರೂಪನ್ನು ನಾಲ್ಕು ಮಾಡಿ

ಗ್ರೂಪ್ ಒಡೆಯುವಾಗ ‘ಯಾರು ಯಾರು ಇದ್ದಾರೆ’ ಅಂತ ಎಣಿಸುತ್ತಾ ಹೋಗಬೇಡಿ. ‘ಯಾವ ಮಾತು ಯಾರಿಗೆ ಬೇಕು’ ಅಂತ ಕೇಳಿಕೊಳ್ಳಿ. ನಮ್ಮ ಹುಬ್ಬಳ್ಳಿ ಆಫೀಸಿಗೆ ನಾಲ್ಕು ಸಾಕು.

‘ಸೂಚನೆ’ ಗ್ರೂಪಿನಲ್ಲಿ ಎಲ್ಲರೂ ಇರುತ್ತಾರೆ, ಆದರೆ ಅಡ್ಮಿನ್‌ಗಳು ಮಾತ್ರ ಬರೆಯುತ್ತಾರೆ. ಈ ಸೆಟ್ಟಿಂಗ್ 2018ರಿಂದ ಇದೆ. ರಜಾದಿನ, ಹೊಸ ರೇಟು, ಸಮಯದ ಬದಲಾವಣೆ ಮಾತ್ರ ಇಲ್ಲಿ. ದಿನಕ್ಕೆ ಒಂದೋ ಎರಡೋ ಮೆಸೇಜ್, ಅದಕ್ಕಿಂತ ಜಾಸ್ತಿ ಬೇಡ. ಇದೊಂದನ್ನು ಯಾರೂ ಮ್ಯೂಟ್ ಮಾಡುವಂತಿಲ್ಲ ಅಂತ ನಿಯಮ ಮಾಡಬಹುದು, ಏಕೆಂದರೆ ಇಲ್ಲಿ ಗದ್ದಲವೇ ಇರುವುದಿಲ್ಲ.

‘ಲೋಡ್’ ಗ್ರೂಪಿನಲ್ಲಿ ಕೌಂಟರ್, ಗೋಡೌನ್, ಡ್ರೈವರ್‌ಗಳು. ದಿನವಿಡೀ ಓಡುವ ಗ್ರೂಪ್ ಇದು. ‘ವಸೂಲಿ’ ಗ್ರೂಪಿನಲ್ಲಿ ಸೇಲ್ಸ್‌ನವರು, ಲೆಕ್ಕಪತ್ರದವರು, ಮಾಲೀಕರು. ಯಾವ ಪಾರ್ಟಿ ಎಷ್ಟು ಬಾಕಿ ಅನ್ನುವುದು ಡ್ರೈವರುಗಳಿಗೆ ಗೊತ್ತಾಗಬೇಕಿಲ್ಲ.

ನಾಲ್ಕನೆಯದು ‘ಹರಟೆ’. ಇದನ್ನು ತಪ್ಪದೆ ಮಾಡಿ. ಹುಟ್ಟುಹಬ್ಬ, ಮದುವೆ ಕರೆಯೋಲೆ, ಕ್ರಿಕೆಟ್, ಜಾತ್ರೆಯ ಫೋಟೋ, ಎಲ್ಲಕ್ಕೂ ಒಂದು ಜಾಗ ಬೇಕು. ಜೊತೆಗೆ ಕೆಲಸ ಮಾಡುವವರು ಪರಸ್ಪರ ಮಾತಾಡಿಕೊಳ್ಳುವುದು ಒಳ್ಳೆಯದೇ ಅಲ್ವಾ? ಆ ಜಾಗ ಕೊಡದೆ ಬರೀ ‘ಇಲ್ಲಿ ಶುಭೋದಯ ಹಾಕಬೇಡಿ’ ಅಂದರೆ ಯಾರೂ ಕೇಳುವುದಿಲ್ಲ. ಈ ಗ್ರೂಪಿಗೆ ಸೇರುವುದು ಬಿಡುವುದು ಅವರವರ ಇಷ್ಟ ಅಂತ ಮೊದಲೇ ಹೇಳಿಬಿಡಿ.

2022ರ ಕೊನೆಗೆ ವಾಟ್ಸಾಪ್, ಹಲವು ಗ್ರೂಪುಗಳನ್ನು ಒಂದೇ ಕಡೆ ಸೇರಿಸುವ ‘ಕಮ್ಯುನಿಟಿ’ ತಂದಿತು. ಈ ನಾಲ್ಕನ್ನೂ ಒಂದು ಕಮ್ಯುನಿಟಿಯ ಕೆಳಗೆ ತಂದರೆ ಸೂಚನೆಯ ಗ್ರೂಪ್ ತಾನಾಗಿ ಸಿಗುತ್ತದೆ. ಐದಾರು ಗ್ರೂಪ್ ದಾಟಿದ ಮೇಲೆ ಇದು ಉಪಯೋಗ. ಅಲ್ಲಿಯವರೆಗೆ ಬೇಕಿಲ್ಲ.

ಪ್ರತಿ ಗ್ರೂಪಿನಲ್ಲೂ ಇಬ್ಬರು ಅಡ್ಮಿನ್ ಇರಲಿ. ಒಬ್ಬರೇ ಇದ್ದರೆ ಅವರು ಊರಿಗೆ ಹೋದ ದಿನ ಹೊಸಬರನ್ನು ಸೇರಿಸಲು ಆಗುವುದಿಲ್ಲ. ಗ್ರೂಪಿನ ಹೆಸರು, ಚಿತ್ರ ಬದಲಿಸುವ ಅಧಿಕಾರ, ಜನರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಕೊಡಿ. ಸೇರುವ ಲಿಂಕನ್ನು ಹಂಚಬೇಡಿ. ಗ್ರೂಪಿನ ವಿವರಣೆಯ ಜಾಗದಲ್ಲಿ ಎರಡು ಸಾಲು ಬರೆಯಿರಿ: ಈ ಗ್ರೂಪ್ ಯಾವುದಕ್ಕೆ, ಯಾವುದಕ್ಕೆ ಅಲ್ಲ. ರಜೆ ಕೇಳುವುದು, ಅಡ್ವಾನ್ಸ್ ಕೇಳುವುದು, ಮೈಹುಷಾರಿಲ್ಲ ಅನ್ನುವುದು ಯಾವ ಗ್ರೂಪಿಗೂ ಬೇಡ. ಅವು ನೇರವಾಗಿ ಸಂಬಂಧಪಟ್ಟವರಿಗೆ ಹೋಗಬೇಕು. ಒಬ್ಬರ ಮನೆಯ ಕಷ್ಟ 25 ಜನ ಓದುವ ವಿಷಯವಲ್ಲ.

ಹಂತ 4: ಮೆಸೇಜ್ ಬರೆಯುವ ರೀತಿ

ಇಡೀ ವಿಷಯದ ಜೀವ ಇಲ್ಲಿದೆ. ಗ್ರೂಪ್ ಎಷ್ಟೇ ಚೆನ್ನಾಗಿ ಒಡೆದರೂ ಬರೆಯುವ ರೀತಿ ಬದಲಾಗದಿದ್ದರೆ ಏನೂ ಬದಲಾಗುವುದಿಲ್ಲ.

ನಮ್ಮಲ್ಲಿ ಬಹಳ ಕಾಣುವುದು ಇದು:

‘ಸರ್’
‘ಇದ್ದೀರೇನ್ರಿ?’
‘ನಿನ್ನೆ ಹೇಳಿದ್ದು ಏನಾತ್ರಿ?’
‘ಅರ್ಜೆಂಟ್ ಐತ್ರಿ’

ನಾಲ್ಕು ಸಲ ಫೋನ್ ಸದ್ದು ಮಾಡಿತು. ವಿಷಯ ಏನು ಅಂತ ಇನ್ನೂ ಗೊತ್ತಾಗಲಿಲ್ಲ. ಇದನ್ನು ಬರೆದವರ ಮನಸ್ಸಿನಲ್ಲಿ ಇರುವುದು ಮರ್ಯಾದೆಯೇ. ಎದುರಿಗೆ ಬಂದವರನ್ನು ಮೊದಲು ಮಾತಾಡಿಸಿ, ಆಮೇಲೆ ವಿಷಯಕ್ಕೆ ಬರುವುದು ನಮ್ಮ ರೂಢಿ. ಆ ರೂಢಿಯನ್ನು ಬಿಡಬೇಕಿಲ್ಲ. ನಮಸ್ಕಾರವನ್ನೂ ವಿಷಯವನ್ನೂ ಒಂದೇ ಮೆಸೇಜಿನಲ್ಲಿ ಹಾಕಿ, ಅಷ್ಟೇ ಸಾಕು:

‘ಮಂಜಣ್ಣ, ಬಿಲ್ 1482, ನವಲಗುಂದದ ಪಾರ್ಟಿ. 5 ಎಚ್‌ಪಿ ಪಂಪು 1, 2.5 ಇಂಚಿನ ಪೈಪು 20. ಇವತ್ತು (ಮಂಗಳವಾರ) 4 ಗಂಟೆ ಒಳಗ ಲೋಡ್ ಆಗಬೇಕ್ರಿ. ಪೈಪು ಕಮ್ಮಿ ಬಿದ್ರ 2 ಗಂಟೆ ಒಳಗ ನನಗ ತಿಳಸ್ರಿ.’

ಇದರಲ್ಲಿ ಯಾರಿಗೆ ಅಂತ ಇದೆ. ಯಾವ ಬಿಲ್ಲು ಅಂತ ಇದೆ. ಏನು ಮಾಡಬೇಕು, ಎಷ್ಟು ಹೊತ್ತಿನೊಳಗೆ, ಆಗದಿದ್ದರೆ ಏನು, ಎಲ್ಲವೂ ಇದೆ. ಮಂಜಣ್ಣ ಒಂದು ಪ್ರಶ್ನೆಯನ್ನೂ ಕೇಳದೆ ಕೆಲಸ ಶುರು ಮಾಡಬಹುದು. ಗ್ರೂಪಿನ ಉಳಿದವರು ಮೊದಲ ಪದ ನೋಡಿಯೇ ಇದು ತಮಗಲ್ಲ ಅಂತ ಮುಂದೆ ಹೋಗಬಹುದು.

ಇನ್ನು ಕೆಲವು ಸಣ್ಣ ಅಭ್ಯಾಸಗಳು. ಇವೇ ಹೆಚ್ಚು ಉಪಯೋಗಕ್ಕೆ ಬರುವುದು.

‘ನಾಳೆ’ ಅಂತ ಬರೆಯಬೇಡಿ, ವಾರ ಅಥವಾ ತಾರೀಕು ಬರೆಯಿರಿ. ರಾತ್ರಿ 10ಕ್ಕೆ ‘ನಾಳೆ’ ಅಂತ ಕಳಿಸಿದ್ದನ್ನು ಬೆಳಿಗ್ಗೆ ಓದಿದವರು ಅದರ ಮರುದಿನ ಅಂದುಕೊಳ್ಳುತ್ತಾರೆ. ಗಾಡಿ ಬಂದು ಗೋಡೌನ್ ಬಾಗಿಲಲ್ಲಿ ನಿಂತಾಗಲೇ ಗೊತ್ತಾಗುವುದು.

ಗ್ರೂಪಿನಲ್ಲಿ ಒಬ್ಬರಿಗೆ ಕೆಲಸ ಹೇಳುವಾಗ ಮೊದಲು ಅಟ್ ಗುರುತು (@) ಹಾಕಿ, ಅದಕ್ಕೆ ಅಂಟಿಕೊಂಡಂತೆ ಅವರ ಹೆಸರು ಆರಿಸಿ. ಗ್ರೂಪ್ ಮ್ಯೂಟ್ ಮಾಡಿದ್ದರೂ ಅವರ ಹೆಸರು ಬಂದದ್ದು ಅವರಿಗೆ ಎದ್ದು ಕಾಣುತ್ತದೆ. ‘ಯಾರಾದರೂ ಇದನ್ನು ನೋಡಿ’ ಅಂತ ಬರೆದರೆ ಯಾರೂ ನೋಡುವುದಿಲ್ಲ. ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ.

ಉತ್ತರ ಕೊಡುವಾಗ ಆ ಮೆಸೇಜನ್ನೇ ಬಲಕ್ಕೆ ಸರಿಸಿ ಅದಕ್ಕೇ ಉತ್ತರಿಸಿ. ಹತ್ತು ಲೋಡಿನ ಮಾತು ಒಟ್ಟಿಗೆ ನಡೆಯುವಾಗ ಬರೀ ‘ಆಯ್ತು’ ಅಂತ ಕೆಳಗೆ ಬಿದ್ದರೆ ಯಾವುದು ಆಯ್ತು ಅಂತ ತಿಳಿಯುವುದಿಲ್ಲ.

ಫೋಟೋ ಕಳಿಸಿದರೆ ಅದರ ಕೆಳಗೆ ಒಂದು ಸಾಲು ಬರೆಯಲೇಬೇಕು. ‘ಬಿಲ್ 1482, ಒಂದು ಪೈಪಿನ ತುದಿ ಒಡೆದಿದೆ, ಪಾರ್ಟಿ ವಾಪಸ್ ಕಳಿಸಿದ್ದಾರೆ’ ಅಂತ. ಬರೀ ಫೋಟೋ ಮೂರು ದಿನದ ಮೇಲೆ ಯಾರಿಗೂ ಏನನ್ನೂ ಹೇಳುವುದಿಲ್ಲ. ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಹುಡುಕಾಟ ನಡೆಯುವುದು ಅಕ್ಷರಗಳಲ್ಲಿ. ಅದಕ್ಕೇ ಬಿಲ್ ನಂಬರನ್ನು ಪ್ರತಿ ಸಲ ಬರೆಯಬೇಕು ಅಂತ ನಾನು ಒತ್ತಿ ಹೇಳುವುದು. ಮುಂದೊಂದು ದಿನ 1482 ಅಂತ ಹುಡುಕಿದರೆ ಆ ಲೋಡಿನ ಪೂರ್ತಿ ಕತೆ ಒಂದೇ ಕಡೆ ಸಿಗುತ್ತದೆ.

ತಪ್ಪು ಬರೆದಿರಾ? ಕಳಿಸಿದ 15 ನಿಮಿಷದೊಳಗೆ ಆ ಮೆಸೇಜನ್ನೇ ತಿದ್ದಬಹುದು. ಆದರೆ ಸಂಖ್ಯೆ ತಿದ್ದಿದರೆ, ರೇಟು ತಿದ್ದಿದರೆ, ಸುಮ್ನೆ ತಿದ್ದಿ ಬಿಡಬೇಡಿ. ಕೆಳಗೆ ಇನ್ನೊಂದು ಸಾಲು ಹಾಕಿ ತಿಳಿಸಿ. ಮೊದಲು ಓದಿದವರು ಮತ್ತೆ ಮೇಲೆ ಹೋಗಿ ನೋಡುವುದಿಲ್ಲ.

ವಾಯ್ಸ್ ಮೆಸೇಜ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಗಾಡಿ ನಿಲ್ಲಿಸಿ ಡ್ರೈವರ್ ಕಳಿಸುವ 20 ಸೆಕೆಂಡಿನ ವಾಯ್ಸ್ ಒಳ್ಳೆಯದೇ. ಬರೆಯಲು ಕಷ್ಟವಾಗುವವರಿಗೆ ಅದೇ ದಾರಿ, ಅದನ್ನು ತಡೆಯಬಾರದು. ಆದರೆ ಮಾಲೀಕರು, ಮ್ಯಾನೇಜರ್‌ಗಳು 25 ಜನರಿಗೆ ನಾಲ್ಕು ನಿಮಿಷದ ವಾಯ್ಸ್ ಹಾಕಿದರೆ ಎಲ್ಲರ ಸಮಯವನ್ನೂ ಸೇರಿಸಿ ಒಂದೂವರೆ ಗಂಟೆಗೂ ಹೆಚ್ಚು ಹೋಯಿತು. ಆಮೇಲೆ ಅದರಲ್ಲಿದ್ದ ರೇಟು ಬೇಕಾದಾಗ ಮತ್ತೆ ಮೊದಲಿಂದ ಕೇಳಬೇಕು. ಮಾತಾಡುವುದೇ ಸುಲಭ ಅನಿಸಿದರೆ ಜಿಬೋರ್ಡ್ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿ, ಮೈಕ್ ಒತ್ತಿ ಮಾತಾಡಿ. ಅದು ಕನ್ನಡದಲ್ಲೇ ಬರೆದುಕೊಡುತ್ತದೆ. ಒಮ್ಮೆ ಓದಿ, ತಪ್ಪು ತಿದ್ದಿ, ಕಳಿಸಿ. ಕನ್ನಡವನ್ನು ಕನ್ನಡ ಅಕ್ಷರದಲ್ಲೇ ಬರೆಯುವುದು ಗೋಡೌನಿನವರಿಗೂ ಡ್ರೈವರುಗಳಿಗೂ ಓದಲು ಎಷ್ಟೋ ಸುಲಭ. ಅಳತೆ, ಲೆಕ್ಕ, ದುಡ್ಡು ಮಾತ್ರ ಅಂಕಿಯಲ್ಲಿರಲಿ.

‘ಓಕೆ’ ಅಂದರೆ ನೋಡಿದೆ ಅಂತಲೋ, ಮಾಡುತ್ತೇನೆ ಅಂತಲೋ, ಮಾಡಿ ಮುಗಿಸಿದೆ ಅಂತಲೋ? ಎಷ್ಟು ಜಗಳ ಇದರಿಂದ ಹುಟ್ಟುತ್ತವೆ! ಕಚೇರಿಯಲ್ಲಿ ಎಲ್ಲರೂ ಕೂತು ಎರಡು ಗುರುತು ಒಪ್ಪಿಕೊಳ್ಳಿ. ಹೆಬ್ಬೆರಳಿನ ಗುರುತು ಒತ್ತಿದರೆ ನೋಡಿದ್ದೇನೆ, ಕೈಗೆತ್ತಿಕೊಂಡಿದ್ದೇನೆ. ಹಸಿರು ಟಿಕ್ ಒತ್ತಿದರೆ ಕೆಲಸ ಮುಗಿದಿದೆ. ಮೆಸೇಜಿನ ಮೇಲೆಯೇ ಒತ್ತುವುದರಿಂದ ಹೊಸ ಮೆಸೇಜ್ ಬೀಳುವುದಿಲ್ಲ. ಸಂಜೆ ಮೇಲಿಂದ ಕೆಳಗೆ ಒಮ್ಮೆ ನೋಡಿದರೆ ಟಿಕ್ ಬೀಳದಿರುವುದು ಯಾವುದು ಅಂತ ಕಾಣುತ್ತದೆ. ನೀಲಿ ಗೆರೆಯನ್ನು ಮಾತ್ರ ನಂಬಬೇಡಿ. ಅದು ಚಾಟ್ ತೆರೆದರು ಅಂತ ಹೇಳುತ್ತದೆ, ಓದಿ ಅರ್ಥಮಾಡಿಕೊಂಡರು ಅಂತ ಹೇಳುವುದಿಲ್ಲ. ಗ್ರೂಪಿನಲ್ಲಂತೂ ಎಲ್ಲರೂ ನೋಡಿದ ಮೇಲಷ್ಟೇ ನೀಲಿ ಆಗುತ್ತದೆ. ಯಾರು ನೋಡಿದ್ದಾರೆ ಅಂತ ತಿಳಿಯಬೇಕಾದರೆ ನಿಮ್ಮ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ನೋಡಿ.

ಬೈಯುವುದು ಗ್ರೂಪಿನಲ್ಲಿ ಬೇಡವೇ ಬೇಡ. ತಪ್ಪಾಗಿದ್ದರೆ ಫೋನ್ ಮಾಡಿ ಅಥವಾ ಕರೆದು ಮಾತಾಡಿ. ನಾಲ್ಕು ಜನರೆದುರು ಆಡಿದ ಕಟು ಮಾತನ್ನು ಜನ ಹೇಗೋ ಮರೆಯಬಹುದು, ಬರೆದದ್ದು ಫೋನಿನಲ್ಲಿ ಉಳಿದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹೊಗಳುವುದನ್ನು ಮಾತ್ರ ಧಾರಾಳವಾಗಿ ಗ್ರೂಪಿನಲ್ಲೇ ಮಾಡಿ.

ಹಂತ 5: ಚಾಟ್‌ನಲ್ಲಿ ಉಳಿಯಬಾರದ್ದನ್ನು ಹೊರಗೆ ತನ್ನಿ

ಚಾಟ್ ಹರಿಯುವ ನೀರಿದ್ದಂತೆ, ಅದರಲ್ಲಿ ಏನನ್ನೂ ಕೂಡಿಡಲು ಆಗುವುದಿಲ್ಲ. ರೇಟು ಬದಲಾಯಿತು, ಪಾರ್ಟಿಗೆ 30 ದಿನದ ಸಾಲ ಒಪ್ಪಿದೆವು, ಹೊಸ ಗಾಡಿಗೆ ಮಾತಾಡಿದೆವು, ಇಂಥ ತೀರ್ಮಾನ ಆದ ಕೂಡಲೇ ಒಬ್ಬರು ಅದನ್ನು ರಿಜಿಸ್ಟರಿಗೋ ಗೂಗಲ್ ಶೀಟಿಗೋ ಇಳಿಸಬೇಕು. ಯಾರು ಇಳಿಸಬೇಕು ಅಂತ ಹೆಸರು ಗೊತ್ತಾಗಿರಲಿ. ಶೀಟಿನ ಲಿಂಕನ್ನು ಗ್ರೂಪಿನಲ್ಲಿ ಪಿನ್ ಮಾಡಿ, ಅಂದರೆ ಚಾಟ್‌ನ ಮೇಲ್ಗಡೆ ಕಾಣುವಂತೆ ಅಂಟಿಸಿ. ಪಿನ್ 24 ಗಂಟೆ, 7 ದಿನ ಅಥವಾ 30 ದಿನ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು. ಗ್ರೂಪಿನ ವಿವರಣೆಯಲ್ಲೇ ಲಿಂಕ್ ಹಾಕಿಬಿಟ್ಟರೆ ಆ ತೊಂದರೆಯೂ ಇಲ್ಲ.

ಒಂದೇ ವಿಷಯದ ಮೇಲೆ ಮೂರು ಸಲ ಹಿಂದೆ ಮುಂದೆ ಆದರೆ ಬರೆಯುವುದು ನಿಲ್ಲಿಸಿ ಫೋನ್ ಮಾಡಿ. ಮಾತಾಡಿ ಮುಗಿದ ಮೇಲೆ ಗ್ರೂಪಿನಲ್ಲಿ ಒಂದು ಸಾಲು ಹಾಕಿ: ‘ಫೋನಿನಲ್ಲಿ ಮಾತಾಯ್ತು. ಬಿಲ್ 1482, ಒಡೆದ ಪೈಪಿಗೆ ಬದಲಿ ಗುರುವಾರದ ಗಾಡಿಗೆ.’ ಆ ಒಂದು ಸಾಲು ಬಿಟ್ಟರೆ ಉಳಿದವರಿಗೆ ಅರ್ಧ ಕತೆ ಮಾತ್ರ ಗೊತ್ತಿರುತ್ತದೆ.

ಸಂಬಳದ ವಿವರ, ಆಧಾರ್ ಪ್ರತಿ, ಪಾಸ್‌ವರ್ಡ್, ಓಟಿಪಿ ಯಾವ ಗ್ರೂಪಿಗೂ ಹೋಗಬಾರದು. 2016ರಿಂದ ವಾಟ್ಸಾಪ್ ಮಾತುಕತೆ ಕಳಿಸುವವರು, ಪಡೆಯುವವರ ನಡುವೆ ಮಾತ್ರ ಓದಲು ಬರುವಂತೆ ಬೀಗ ಹಾಕಿರುತ್ತದೆ, ನಿಜ. ಆದರೆ ಆ ಬೀಗ ಹೊರಗಿನವರಿಗೆ. ಗ್ರೂಪಿನ ಒಳಗಿರುವ ಯಾರು ಬೇಕಾದರೂ ಸ್ಕ್ರೀನ್‌ಶಾಟ್ ತೆಗೆಯಬಹುದು, ಫಾರ್ವರ್ಡ್ ಮಾಡಬಹುದು.

ಹಂತ 6: ಹಣದ ಮಾತಿಗೆ ಬೇರೆ ನಿಯಮ

2022ರಲ್ಲಿ ಪುಣೆಯ ಲಸಿಕೆ ಕಂಪನಿ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ ನಡೆದದ್ದು ಎಲ್ಲ ಕಚೇರಿಗಳಿಗೂ ಗೊತ್ತಿರಬೇಕು. ಕಂಪನಿಯ ಮುಖ್ಯಸ್ಥ ಆದಾರ್ ಪೂನಾವಾಲಾ ಅವರ ಹೆಸರಿನಲ್ಲಿ ಒಬ್ಬ ನಿರ್ದೇಶಕರಿಗೆ ವಾಟ್ಸಾಪ್ ಮೆಸೇಜ್ ಬಂತು, ಕೆಲವು ಖಾತೆಗಳಿಗೆ ಹಣ ಹಾಕಿ ಅಂತ. ಹಣ ಹೋಯಿತು, 1 ಕೋಟಿ ರೂಪಾಯಿಗೂ ಹೆಚ್ಚು. ಮೆಸೇಜ್ ಕಳಿಸಿದ್ದು ಅವರಲ್ಲ. ಅಂಥ ದೊಡ್ಡ ಕಂಪನಿಯಲ್ಲೇ ಹೀಗಾಗುವುದಾದರೆ ಇಬ್ಬರು ಲೆಕ್ಕಪತ್ರ ನೋಡುವ ಆಫೀಸಿನಲ್ಲಿ ಆಗುವುದು ಇನ್ನೂ ಸುಲಭ. ಮಾಲೀಕರ ಡಿಪಿ ಫೋಟೋ ತೆಗೆದು ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು?

ಅದಕ್ಕೇ ಈ ನಿಯಮವನ್ನು ಕಾಗದದ ಮೇಲೆ ಬರೆದು ಲೆಕ್ಕಪತ್ರದವರ ಮೇಜಿನ ಮುಂದೆ ಅಂಟಿಸಿ. ಮೆಸೇಜ್ ನೋಡಿ ಯಾರೂ ಹಣ ಕಳಿಸುವಂತಿಲ್ಲ. ಹೊಸ ಖಾತೆ, ಬದಲಾದ ಖಾತೆ, ‘ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡ, ತಕ್ಷಣ ಕಳಿಸು’ ಅನ್ನುವ ಮಾತು, ಯಾವುದೇ ಆಗಲಿ, ಮೊದಲೇ ಸೇವ್ ಮಾಡಿಟ್ಟ ನಂಬರಿಗೆ ಫೋನ್ ಮಾಡಿ ದನಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಮೆಸೇಜ್ ಬಂದ ನಂಬರಿಗೆ ಅಲ್ಲ. ಹಾಗೆ ಫೋನ್ ಮಾಡಿದ್ದಕ್ಕೆ ಮಾಲೀಕರು ಯಾವತ್ತೂ ಸಿಟ್ಟಾಗಬಾರದು. ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ಒಮ್ಮೆ ರೇಗಿದರೆ ಮುಂದಿನ ಸಲ ಆ ಹುಡುಗ ಫೋನ್ ಮಾಡುವುದಿಲ್ಲ, ಮೋಸಗಾರನಿಗೆ ಬೇಕಾದದ್ದೂ ಅದೇ.

ಎಪಿಕೆ ಅಂತ ಕೊನೆಯಾಗುವ ಫೈಲ್ ಯಾರಿಂದ ಬಂದರೂ ತೆರೆಯಬಾರದು. ಮದುವೆ ಕಾರ್ಡ್, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ಹೀಗೆ ನಾನಾ ಹೆಸರಿನಲ್ಲಿ ಬರುತ್ತವೆ. ಅದು ಫೋನಿನೊಳಗೆ ಸೇರಿಕೊಳ್ಳುವ ಆ್ಯಪ್, ಕಾರ್ಡ್ ಅಲ್ಲ. ಪರಿಚಿತರ ಅಕೌಂಟ್ ಕಳುವಾಗಿ ಅವರ ಹೆಸರಿನಿಂದಲೇ ಬಂದಿರಬಹುದು. ಹಣ ಹೋಗಿಯೇಬಿಟ್ಟರೆ ಹೊತ್ತು ಕಳೆಯದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯಲು ಅವಕಾಶ ಜಾಸ್ತಿ.

ಹಂತ 7: ಹೊತ್ತು ಗೊತ್ತು

ಕೆಲಸದ ಗ್ರೂಪುಗಳು ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಹೇಳಿಬಿಡಿ. ನಮ್ಮ ಉದಾಹರಣೆಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 7. ಅದರ ಆಚೆ ಬಂದ ಮೆಸೇಜಿಗೆ ಉತ್ತರ ಕೊಡದಿದ್ದರೆ ತಪ್ಪಲ್ಲ ಅಂತ ಮಾಲೀಕರೇ ಬಾಯಿಬಿಟ್ಟು ಹೇಳಬೇಕು. ತುರ್ತು ಇದ್ದರೆ ಫೋನ್ ಮಾಡಿ. ರಾತ್ರಿ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅದು ಫೋನಿನ ವಿಷಯ, ಮೆಸೇಜಿನದಲ್ಲ. ಹೀಗೆ ಮಾಡಿದರೆ ಜನ ರಾತ್ರಿಯೆಲ್ಲ ಫೋನ್ ನೋಡುತ್ತಾ ಕೂರಬೇಕಿಲ್ಲ.

ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಮೆಸೇಜಿನಿಂದ ದೂರ ಇರುವ ಹಕ್ಕಿಗೆ ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಿನ ಬಲ ಕೊಟ್ಟವು. ನಮ್ಮ ಸಂಸತ್ತಿನಲ್ಲೂ ಇಂಥ ಖಾಸಗಿ ಮಸೂದೆ ಮಂಡನೆ ಆಗಿದೆ. ಕಾನೂನು ಬರಲಿ ಅಂತ ಕಾಯಬೇಕಿಲ್ಲ.

ರಾತ್ರಿ ಏನೋ ನೆನಪಾಯಿತು, ಬೆಳಿಗ್ಗೆ ಮರೆತರೆ ಅನ್ನುವ ಭಯ ಮಾಲೀಕರಿಗೆ ಇರುತ್ತದೆ. ಟೀಮ್ಸ್, ಸ್ಲ್ಯಾಕ್‌ನಲ್ಲಿ ಬೆಳಿಗ್ಗೆ 9ಕ್ಕೆ ಹೋಗುವಂತೆ ಹೊಂದಿಸಿಡಬಹುದು. ವಾಟ್ಸಾಪ್‌ನಲ್ಲಾದರೆ ಬರೆದು, ಕಳಿಸುವ ಗುಂಡಿ ಒತ್ತದೆ ಹಿಂದೆ ಬನ್ನಿ. ಅದು ಡ್ರಾಫ್ಟ್ ಆಗಿ ಉಳಿಯುತ್ತದೆ. ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳಲೂ ಬರುತ್ತದೆ.

ಹಂತ 8: ಘನತೆಯ ವಿಷಯ

ಗ್ರೂಪಿಗೆ ಸೇರಿಸಿದ ಕೂಡಲೇ ಒಬ್ಬರ ನಂಬರ್ ಉಳಿದ ಎಲ್ಲರಿಗೂ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೆಣ್ಣುಮಗಳಿಗೆ ರಾತ್ರಿ ‘ಊಟ ಆಯ್ತಾ’ ಅಂತ ಮೆಸೇಜ್ ಬರತೊಡಗಿದರೆ ಅದಕ್ಕೆ ಕಚೇರಿ ಕಣ್ಣು ಮುಚ್ಚಬಾರದು. ಕೆಲಸದ ಕಾರಣಕ್ಕೆ ಸಿಕ್ಕ ನಂಬರನ್ನು ಕೆಲಸಕ್ಕೆ ಮಾತ್ರ ಬಳಸಬೇಕು ಅಂತ ಸೇರುವ ದಿನವೇ ಎಲ್ಲರಿಗೂ ಹೇಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮೆಸೇಜು, ಚಿತ್ರ, ವಿಡಿಯೋಗಳ ಮೂಲಕ ಕೊಡುವ ಕಿರುಕುಳಕ್ಕೂ ಅನ್ವಯಿಸುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನಮ್ಮ 25 ಜನರ ಆಫೀಸಿಗೂ ಅದು ಕಡ್ಡಾಯ. ಸಮಿತಿಯವರ ಹೆಸರನ್ನು ‘ಸೂಚನೆ’ ಗ್ರೂಪಿನಲ್ಲಿ ಹಾಕಿ.

ಜಾತಿ, ಧರ್ಮ, ರಾಜಕೀಯದ ಫಾರ್ವರ್ಡ್‌ಗಳು ‘ಹರಟೆ’ಗೂ ಬೇಡ. ಬಂದರೆ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಹಾಗಂತ ನೋಡಿಯೂ ಸುಮ್ಮನಿದ್ದರೆ ಜೊತೆಯಲ್ಲಿ ಕೂತು ಕೆಲಸ ಮಾಡುವವರ ಮನಸ್ಸು ಮುರಿಯುತ್ತದೆ.

ಹಂತ 9: ದಾಖಲೆ, ಮತ್ತು ಕೆಲಸ ಬಿಟ್ಟವರು

ಕೆಲಸದ ಗ್ರೂಪುಗಳಲ್ಲಿ ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಹಾಕಬೇಡಿ. ಪಾರ್ಟಿಯ ಜೊತೆ ವಿವಾದ ಬಂದರೆ ಹಳೆಯ ಮಾತು ಬೇಕಾಗುತ್ತದೆ. ಆಗ ಸ್ಕ್ರೀನ್‌ಶಾಟ್ ಒಂದನ್ನೇ ಹಿಡಿದುಕೊಂಡು ಹೋದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಮೂಲ ಫೋನ್, ಮೂಲ ಮೆಸೇಜ್ ಉಳಿಸಿಕೊಂಡು ವಕೀಲರನ್ನು ಕೇಳಿ. ತಿಂಗಳಿಗೊಮ್ಮೆ ‘ವಸೂಲಿ’ ಗ್ರೂಪಿನ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಆಫೀಸಿನ ಕಂಪ್ಯೂಟರಿನಲ್ಲಿ ಇಡಿ.

ಒಬ್ಬರು ಕೆಲಸ ಬಿಡುವಾಗ ಲೆಕ್ಕ ಚುಕ್ತಾ ಮಾಡುವ ದಿನವೇ ನಾಲ್ಕು ಗ್ರೂಪುಗಳಿಂದಲೂ ತೆಗೆಯಿರಿ, ಮರ್ಯಾದೆಯಿಂದ, ಮೊದಲೇ ತಿಳಿಸಿ. ‘ಹರಟೆ’ಯಲ್ಲಿ ಅವರಿಗೆ ಒಳ್ಳೆಯದಾಗಲಿ ಅಂತ ಹೇಳಿದ ಮೇಲೆ ತೆಗೆದರೆ ಇನ್ನೂ ಚೆನ್ನ. ಕಚೇರಿ ನಂಬರಿನ ಜೋಡಿಸಿದ ಸಾಧನಗಳ ಪಟ್ಟಿ ತೆರೆದು ಅವರ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ಪಿನ್ ಅವರಿಗೆ ಗೊತ್ತಿದ್ದರೆ ಬದಲಿಸಿ. ಗೂಗಲ್ ಶೀಟಿನ ಅನುಮತಿ ತೆಗೆಯಿರಿ. ಇದನ್ನು ಜನ ಮರೆಯುವುದೇ ಹೆಚ್ಚು.

ಹಂತ 10: ಜಾರಿಗೆ ತರುವುದು

ಇವೆಲ್ಲವನ್ನೂ ಒಂದೇ ದಿನ ಹೇರಬೇಡಿ. ಮೊದಲ ವಾರ ಗ್ರೂಪ್ ಒಡೆಯಿರಿ ಮತ್ತು ಎರಡು ಹಂತದ ದೃಢೀಕರಣ ಹಾಕಿಸಿ. ಸಿಬ್ಬಂದಿ ತಮ್ಮ ಸ್ವಂತ ಫೋನಿನಲ್ಲೂ ಅದನ್ನು ಹಾಕಿಕೊಳ್ಳಲಿ, ಪಕ್ಕದಲ್ಲಿ ಕೂತು ತೋರಿಸಿಕೊಡಿ. ಎರಡನೇ ವಾರ ಹಣದ ನಿಯಮ. ಆಮೇಲೆ ಬರೆಯುವ ರೀತಿ. ಅದಕ್ಕೆ ಸಮಯ ಬೇಕು, ಏಕೆಂದರೆ ಅದು ಅಭ್ಯಾಸ.

ಹಳೆಯ ‘ಆಫೀಸ್’ ಗ್ರೂಪನ್ನು ಅಳಿಸಬೇಡಿ. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ, ಹೆಸರಿಗೆ ‘ಹಳೆಯದು’ ಅಂತ ಸೇರಿಸಿ, ಹಾಗೇ ಬಿಡಿ. ಹಳೆಯ ಬಿಲ್ ಫೋಟೋ ಹುಡುಕಲು ಬೇಕಾಗುತ್ತದೆ.

ಮಾಲೀಕರು ಮೊದಲು ಪಾಲಿಸಬೇಕು. ಅವರೇ ರಾತ್ರಿ 11ಕ್ಕೆ ‘ಅದು ಏನಾಯ್ತು?’ ಅಂತ ಹಾಕಿದರೆ ಮೇಲಿನದ್ದೆಲ್ಲ ಮಾರನೇ ದಿನಕ್ಕೇ ಮುಗಿಯಿತು. ಯಾರಾದರೂ ತಪ್ಪು ಗ್ರೂಪಿಗೆ ಹಾಕಿದರೆ ಅಲ್ಲೇ ತಿದ್ದಬೇಡಿ, ಬೇರೆಯಾಗಿ ‘ಅಣ್ಣಾರ, ಇದು ಲೋಡ್ ಗ್ರೂಪಿಗೆ ಹಾಕ್ರಿ’ ಅಂತ ಹೇಳಿ. ವಯಸ್ಸಾದವರಿಗೆ ಒಬ್ಬ ಚಿಕ್ಕವರನ್ನು ಜೊತೆ ಮಾಡಿಕೊಡಿ.

ತಿಂಗಳಾದ ಮೇಲೆ ‘ಲೋಡ್’ ಗ್ರೂಪಿನ ಕೊನೆಯ ನೂರು ಮೆಸೇಜುಗಳನ್ನು ಎಲ್ಲರೂ ಕೂತು ನೋಡಿ. ಬಿಲ್ ನಂಬರ್ ಇಲ್ಲದ್ದು ಎಷ್ಟು, ಯಾರಿಗೆ ಅಂತ ಹೆಸರಿಲ್ಲದ್ದು ಎಷ್ಟು, ‘ಯಾವುದ್ರಿ ಅದು?’ ಅಂತ ಮರುಪ್ರಶ್ನೆ ಹುಟ್ಟಿಸಿದ್ದು ಎಷ್ಟು, ಎಣಿಸಿ. ಯಾರು ಬರೆದದ್ದು ಅಂತ ಹೆಸರು ಎತ್ತಬೇಡಿ. ಹಾಗೆ ಮರುಪ್ರಶ್ನೆ ಹುಟ್ಟಿಸಿದ ಒಂದೆರಡನ್ನು ಎತ್ತಿಕೊಂಡು, ಹೇಗೆ ಬರೆದಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ ಅಂತ ಡ್ರೈವರುಗಳನ್ನೇ ಕೇಳಿ. ಅವರು ಹೇಳಿದಂತೆ ಬರೆದ ಮೆಸೇಜನ್ನು ಮಾದರಿಯಾಗಿ ಗ್ರೂಪಿನ ವಿವರಣೆಯಲ್ಲಿ ಹಾಕಿಡಿ.